ಚಾಲಕ ನರಗಳ ಕ್ಷಯವೂ ನರಪೋಷಕ ದ್ರವ್ಯಗಳ ಶೋಧವೂ

ದೀಪವು ನಂದುವದಕ್ಕೆ ಕಾರಣಗಳು ಎರಡು. ಎಣ್ಣೆ ತೀರಿದರೆ ನಂದುವದು. ಎಣ್ಣೆ ಇದ್ದೂ ಗಾಳಿ ಬೀಸಿದರೆ ನಂದುವದು. ನಂದಿದ ಮೇಲೆ ಕತ್ತಲೆಯು ಒಂದೇ ಆದರೂ ಪರಿಹಾರವು ಒಂದೇ ಅಲ್ಲ. ಮೊದಲನೆಯದಕ್ಕೆ ಎಣ್ಣೆಯನ್ನು ಎರೆಯಬೇಕು. ಎರಡನೆಯದಕ್ಕೆ ಕೈಯನ್ನು ಅಡ್ಡ ಹಿಡಿಯಬೇಕು. ಮನುಷ್ಯನ ಕೈಕಾಲುಗಳನ್ನು ಆಡಿಸುವ ನರಗಳು ಹೀಗೆಯೇ ಒಂದೊಂದಾಗಿ ನಂದಿಹೋಗುವ ರೋಗವೊಂದುಂಟು. ಇದಕ್ಕೆ ಚಾಲಕ ನರಗಳ ಕ್ಷಯವೆಂದು ಹೆಸರಿಡಬಹುದು. ಇಲ್ಲಿ ನರಕ್ಕೆ ಕೊರತೆಯಾದದ್ದು ಎಣ್ಣೆಯೋ, ಅದನ್ನು ಬಡಿದದ್ದು ಗಾಳಿಯೋ ಎಂಬ ಪ್ರಶ್ನೆಯು ವೈದ್ಯಶಾಸ್ತ್ರಜ್ಞರನ್ನು ಬಹುಕಾಲ ದುಡಿಸಿದೆ. ಆ ಪ್ರಶ್ನೆಯ ಇತಿಹಾಸವು ಪ್ಯಾರಿಸ್ ನಗರದ ಆಸ್ಪತ್ರೆಯೊಂದರಲ್ಲಿ ಮೊದಲಾಗಿ, ಇಟಲಿ ದೇಶದ ಒಂದು ಮಲಗುವ ಕೋಣೆಯನ್ನು ಹಾದು, ಬೆಂಗಳೂರಿನವರೆಗೆ ಬಂದಿದೆ.

ಮುಳವಾಡದಂತಹ ಊರಿನ ಮನೆಯೊಂದರಲ್ಲಿ ಈ ರೋಗವು ಕಾಲಿಡುವ ಬಗೆಯನ್ನು ಊಹಿಸುವದು ಕಷ್ಟವಲ್ಲ. ರೊಟ್ಟಿ ಬಡಿಯುವ ತಾಯಿಯ ಅಂಗೈ ಒಂದು ದಿನ ಮಾತು ಕೇಳದಾಗುವದು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬೆರಳು ಸೋಲುವದು. ನಡೆಯುತ್ತಿರುವಾಗ ಕಾಲಿನ ಚಪ್ಪಲಿಯು ಜಾರುವದು. ನೋವಿಲ್ಲವಾದದ್ದರಿಂದ ಯಾರೂ ಅದನ್ನು ದೊಡ್ಡದು ಮಾಡುವದಿಲ್ಲ. ವಾಯು ಹಿಡಿದಿದೆ ಎಂದು ಹಿರಿಯರು ಎಣ್ಣೆ ತಿಕ್ಕಿಸುವರು. ಕೆಲವು ತಿಂಗಳುಗಳಲ್ಲಿ ಹೆಬ್ಬೆರಳಿನ ಬುಡದ ಮಾಂಸವು ಇಳಿದು ಗುಳಿ ಬೀಳುವದು. ತೋಳಿನ ಚರ್ಮದ ಕೆಳಗೆ ಮಾಂಸವು ತಾನಾಗಿ ಮಿಡಿಯುವದು. ಮುಂದೆ ನಾಲಿಗೆ ತೊದಲುವದು, ಗುಟುಕು ನೀರು ನೆತ್ತಿಗೇರುವದು, ಕಡೆಗೆ ಉಸಿರಾಟದ ಸ್ನಾಯುಗಳೂ ಸೋಲುವವು. ಬಹುಮಂದಿ ರೋಗಿಗಳು ಮೊದಲ ಲಕ್ಷಣವು ಕಂಡ ೨ರಿಂದ ೫ ವರ್ಷಗಳೊಳಗೆ ತೀರಿಕೊಳ್ಳುವರು. ಕೆಲವರಲ್ಲಿ ಬುದ್ಧಿಗೂ ಮಂಕು ಕವಿಯುವದುಂಟು. ಆದರೆ ಅನೇಕರಲ್ಲಿ ಬುದ್ಧಿ, ನೋಟ, ಸ್ಪರ್ಶಜ್ಞಾನ ಇವು ಕೊನೆಯವರೆಗೂ ಉಳಿಯುವವು. ಮೊಮ್ಮಗುವು ತೊಡೆಯ ಮೇಲೆ ಕುಳಿತದ್ದು ತಿಳಿಯುವದು, ಅದನ್ನು ತಬ್ಬಿಕೊಳ್ಳಲು ಕೈ ಏಳಲೊಲ್ಲದು. ಇದೇ ಈ ರೋಗದ ಕ್ರೌರ್ಯ.

ಅಂಗಗಳು ಒಣಗುವದನ್ನು ಪ್ರಾಚೀನರು ಕಾಣದಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೮ನೆಯ ಅಧ್ಯಾಯವು ವಾತವ್ಯಾಧಿಗಳಿಗೇ ಮೀಸಲಾಗಿದೆ. ಆದರೆ ಲಕ್ಷಣವೊಂದು ಹೋಲಿದ ಮಾತ್ರಕ್ಕೆ ಅಲ್ಲಿಯ ರೋಗವೂ ಇಲ್ಲಿಯ ರೋಗವೂ ಒಂದೇ ಎಂದು ಸಾಧಿಸಹೊರಡುವದು ಶಾಸ್ತ್ರಕ್ಕೆ ಭೂಷಣವಲ್ಲ. ಯಾವ ನರಗಳು ಕೆಟ್ಟುದರಿಂದ ಯಾವ ಅಂಗವು ಒಣಗಿತು ಎಂಬುದನ್ನು ಶವಪರೀಕ್ಷೆಯಿಂದ ತೋರಿಸಿ ಈ ರೋಗವನ್ನು ಬೇರೆಯಾಗಿ ಗುರುತಿಸಿದ ಕೀರ್ತಿಯು ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ವೈದ್ಯನಾದ ಶಾರ್ಕೋ ಎಂಬವನಿಗೆ ಸಲ್ಲತಕ್ಕದ್ದು. ಆತನು ಝೋಫ್ರ್ವಾ ಎಂಬ ಸಹಾಯಕನೊಡನೆ ೧೮೬೯ರಲ್ಲಿ ತನ್ನ ಮೊದಲ ವಿವರಣೆಯನ್ನು ಪ್ರಕಟಿಸಿ, ೧೮೭೪ರಲ್ಲಿ ರೋಗಕ್ಕೆ ನಾಮಕರಣವನ್ನೂ ಮಾಡಿದನು. ಮಿದುಳಿನಿಂದ ಬೆನ್ನುಹುರಿಗೆ ಆಜ್ಞೆಯನ್ನು ಒಯ್ಯುವ ಕೋಶಗಳು ಒಂದು ವರ್ಗ. ಬೆನ್ನುಹುರಿಯಿಂದ ಸ್ನಾಯುಗಳಿಗೆ ಅದನ್ನು ಮುಟ್ಟಿಸುವ ಕೋಶಗಳು ಇನ್ನೊಂದು ವರ್ಗ. ಈ ಎರಡೂ ವರ್ಗಗಳು ಕೂಡಿಯೇ ನಾಶವಾಗುವವೆಂದು ಶಾರ್ಕೋ ತೋರಿಸಿದನು. ಅಮೇರಿಕೆಯಲ್ಲಿ ಲೂ ಗೆರಿಗ್ ಎಂಬ ಹೆಸರಾಂತ ಚೆಂಡಾಟಗಾರನಿಗೆ ೧೯೩೯ರಲ್ಲಿ ಈ ರೋಗವು ಗೊತ್ತಾಗಿ ೧೯೪೧ರಲ್ಲಿ ಅವನು ತೀರಿಕೊಂಡಾಗ ಸಾಮಾನ್ಯ ಜನರೂ ಇದರ ಹೆಸರನ್ನು ಕೇಳಿದರು. ಭೌತಶಾಸ್ತ್ರಜ್ಞ ಸ್ಟೀಫನ್ ಹಾಕಿಂಗರು ೧೯೬೩ರಲ್ಲಿ ರೋಗವು ಗೊತ್ತಾದ ಮೇಲೆಯೂ ೨೦೧೮ರವರೆಗೆ ಬದುಕಿದ್ದು ಅಪವಾದವೇ ಹೊರತು ನಿಯಮವಲ್ಲ. ಎಲ್ಲಿ ಕೆಡುವದೆಂಬುದನ್ನು ಶಾರ್ಕೋ ಹೇಳಿದನು. ಏಕೆ ಕೆಡುವದೆಂಬುದನ್ನು ಹೇಳಲಾರದೆ ಹೋದನು.

ಏಕೆ ಎಂಬ ಪ್ರಶ್ನೆಗೆ ಮೊದಲ ಬೆಳಕು ಬಂದದ್ದು ರೋಗಿಯ ಮಂಚದಿಂದಲ್ಲ, ಕೋಳಿಯ ಮೊಟ್ಟೆಯಿಂದ. ವಿಕ್ಟರ್ ಹ್ಯಾಂಬರ್ಗರ್ ಎಂಬ ಜರ್ಮನ್ ವಿದ್ವಾಂಸನು ಅಮೇರಿಕೆಯಲ್ಲಿ ಕೆಲಸ ಮಾಡುತ್ತ, ಮೊಟ್ಟೆಯೊಳಗಿನ ಭ್ರೂಣದ ರೆಕ್ಕೆಯ ಮೊಳಕೆಯನ್ನು ಕತ್ತರಿಸಿ ತೆಗೆದು, ಮುಂದೇನಾಗುವದೆಂದು ನೋಡಿದನು. ರೆಕ್ಕೆಯಿಲ್ಲದ ಪಕ್ಕದ ಬೆನ್ನುಹುರಿಯಲ್ಲಿ ಚಾಲಕ ನರಕೋಶಗಳ ಸಂಖ್ಯೆಯು ಬಹಳ ಇಳಿದುಹೋಗಿತ್ತು. ಇದನ್ನು ಅವನು ೧೯೩೪ರಲ್ಲಿ ಪ್ರಕಟಿಸಿದನು. ಆಡಿಸತಕ್ಕ ಅಂಗವಿಲ್ಲವಾದರೆ ಆಡಿಸುವ ಕೋಶಗಳು ಹುಟ್ಟುವದೇ ಇಲ್ಲವೆಂದು ಅವನು ತರ್ಕಿಸಿದನು.

ಆ ಲೇಖನವು ಇಟಲಿಯ ಟ್ಯೂರಿನ್ ನಗರದಲ್ಲಿ ಹುಟ್ಟಿ ಬೆಳೆದ ರೀಟಾ ಲೇವಿ-ಮೊಂಟಾಲ್ಚೀನಿ ಎಂಬ ತರುಣಿಯ ಕೈಗೆ ಬಂದಿತು. ೧೯೦೯ರಲ್ಲಿ ಹುಟ್ಟಿದ ಆಕೆಯು ವೈದ್ಯಪದವಿಯನ್ನು ಪಡೆದವಳು. ಆದರೆ ಯಹೂದಿ ಮನೆತನದವಳಾದ ಕಾರಣ ೧೯೩೮ರ ಜನಾಂಗೀಯ ಕಾನೂನುಗಳಿಂದ ವಿಶ್ವವಿದ್ಯಾಲಯದ ಬಾಗಿಲು ಆಕೆಗೆ ಮುಚ್ಚಿತು. ಆಕೆಯು ಎದೆಗೆಡದೆ ತನ್ನ ಮಲಗುವ ಕೋಣೆಯಲ್ಲಿಯೇ ಒಂದು ಪ್ರಯೋಗಶಾಲೆಯನ್ನು ಹೂಡಿದಳು. ಹೊಲಿಗೆಯ ಸೂಜಿಗಳನ್ನು ಮಸೆದು ಶಸ್ತ್ರಗಳನ್ನು ಮಾಡಿಕೊಂಡಳು. ಮೊಟ್ಟೆಗಳಿಗೆ ಕಾವು ಕೊಟ್ಟು ಹ್ಯಾಂಬರ್ಗರನ ಪ್ರಯೋಗವನ್ನೇ ಪುನಃ ನಡೆಯಿಸಿದಳು. ಬಾಂಬಿನ ದಾಳಿ ಹೆಚ್ಚಾದಾಗ ಆ ಶಾಲೆಯು ಹಳ್ಳಿಯ ಮನೆಗೆ ಹೋಯಿತು. ಯುದ್ಧದ ನಡುವೆ ಈ ಕೆಲಸ ಮಾಡಿದ ಆಕೆಗೆ ಕಂಡದ್ದು ಹ್ಯಾಂಬರ್ಗರನಿಗಿಂತ ಭಿನ್ನವಾಗಿತ್ತು. ನರಕೋಶಗಳು ಹುಟ್ಟದೆ ಇರುವದಿಲ್ಲ. ಹುಟ್ಟುವವು, ತಂತುವನ್ನು ಚಾಚುವವು, ಮುಟ್ಟತಕ್ಕ ಅಂಗವು ಸಿಗದೆ ಸಾಯುವವು. ಎಂದ ಮೇಲೆ ಅಂಗದಿಂದ ಕೋಶಕ್ಕೆ ಏನೋ ಒಂದು ಆಹಾರವು ಬರುತ್ತಿರಬೇಕು. ಗಿಡವು ಬೇರಿನಿಂದ ಉಣ್ಣುವಂತೆ, ನರಕೋಶವು ತಾನು ದುಡಿಯುವ ಅಂಗದಿಂದಲೇ ಉಣ್ಣುವದು.

ಯುದ್ಧವು ತೀರಿದ ಮೇಲೆ ಹ್ಯಾಂಬರ್ಗರನೇ ಆಕೆಯನ್ನು ಅಮೇರಿಕೆಯ ಸೇಂಟ್ ಲೂಯಿ ನಗರಕ್ಕೆ ಕರೆಯಿಸಿದನು. ತನ್ನ ಅಭಿಪ್ರಾಯವನ್ನು ಅಲ್ಲಗಳೆದವಳನ್ನು ಕರೆದು ಪಕ್ಕದಲ್ಲಿ ಕೂಡ್ರಿಸಿಕೊಂಡ ಈ ಔದಾರ್ಯವು ಪಂಡಿತರಲ್ಲಿ ದುರ್ಲಭವಾದದ್ದು. ೧೯೪೭ರಲ್ಲಿ ಹೋದ ಆಕೆಯು ಕೆಲವು ತಿಂಗಳಿದ್ದು ಮರಳುವ ಎಣಿಕೆಯಿಂದ ಹೋಗಿ ಮೂರು ದಶಕಗಳ ಕಾಲ ಅಲ್ಲಿ ಕೆಲಸ ಮಾಡಿದಳು. ಎಲ್ಮರ್ ಬ್ಯೂಕರ್ ಎಂಬವನು ೧೯೪೮ರಲ್ಲಿ ಇಲಿಯ ಒಂದು ದುರ್ಮಾಂಸದ ಗಂಟನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿ, ನರಗಳು ಅದರೊಳಗೆ ಬೆಳೆದು ಹೋಗುವದನ್ನು ಕಂಡಿದ್ದನು. ಆ ಗಂಟಿನಿಂದ ಒಸರುವ ದ್ರವ್ಯವೇ ನರಗಳನ್ನು ಬೆಳೆಯಿಸುವದೆಂದು ಆಕೆಯು ಊಹಿಸಿದಳು. ಅದನ್ನು ಗಾಜಿನ ಬಟ್ಟಲಲ್ಲಿ ಪರೀಕ್ಷಿಸುವದಕ್ಕಾಗಿ, ಗಂಟುಳ್ಳ ಇಲಿಗಳನ್ನು ಕೈಚೀಲದಲ್ಲಿಟ್ಟುಕೊಂಡು ವಿಮಾನದಲ್ಲಿ ಬ್ರೆಝಿಲ್ ದೇಶದ ರಿಯೊ ಡಿ ಜನೈರೋಕ್ಕೆ ಹೋದಳು. ೧೯೫೨ರಲ್ಲಿ ಅಲ್ಲಿ ಕಂಡ ನೋಟವು ಪ್ರಸಿದ್ಧವಾಗಿದೆ: ಬಟ್ಟಲಿನ ನರಗ್ರಂಥಿಯ ಸುತ್ತ ತಂತುಗಳು ಸೂರ್ಯನ ಸುತ್ತಣ ಪರಿವೇಷದಂತೆ ಎಲ್ಲ ಕಡೆಗೂ ಚಾಚಿಕೊಂಡಿದ್ದವು.

೧೯೫೩ರಲ್ಲಿ ಸ್ಟ್ಯಾನ್ಲಿ ಕೋಹೆನ್ ಎಂಬ ರಸಾಯನಶಾಸ್ತ್ರಜ್ಞನು ಜೊತೆಗೂಡಿದನು. ಆ ದ್ರವ್ಯವು ಪ್ರೋಟೀನೋ ಬೇರೆಯೋ ಎಂದು ತಿಳಿಯಲು ಅದಕ್ಕೆ ಸರ್ಪವಿಷವನ್ನು ಬೆರೆಸಿ ನೋಡಿದಾಗ ಒಂದು ಆಶ್ಚರ್ಯವು ಒದಗಿತು. ನರಗಳನ್ನು ಬೆಳೆಯಿಸುವ ಶಕ್ತಿಯು ವಿಷದಲ್ಲಿಯೇ ಗಂಟಿನಲ್ಲಿದ್ದುದಕ್ಕಿಂತ ಬಹುಪಾಲು ಹೆಚ್ಚಾಗಿತ್ತು! ಹಾವಿಗೆ ವಿಷದ ಗ್ರಂಥಿ ಹೇಗೋ ಇಲಿಗೆ ಜೊಲ್ಲಿನ ಗ್ರಂಥಿ ಹಾಗೆ ಎಂದು ಬಗೆದು ಕೋಹೆನನು ಗಂಡು ಇಲಿಯ ಜೊಲ್ಲುಗ್ರಂಥಿಯನ್ನು ಪರೀಕ್ಷಿಸಲು, ಅಲ್ಲಿ ಅದು ಹೇರಳವಾಗಿ ದೊರೆಯಿತು. ಇದೇ ನರವರ್ಧಕ ಪ್ರೋಟೀನು. ಈ ಶೋಧಕ್ಕಾಗಿ ಇಬ್ಬರಿಗೂ ೧೯೮೬ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಲೇವಿ-ಮೊಂಟಾಲ್ಚೀನಿಯು ೧೦೩ ವರ್ಷ ತುಂಬುಬಾಳನ್ನು ಬಾಳಿ ೨೦೧೨ರಲ್ಲಿ ತೀರಿಕೊಂಡಳು.

ಕಾರಣವನ್ನು ನಿಶ್ಚಯಿಸುವದಕ್ಕೆ ತಾರ್ಕಿಕರು ಅನ್ವಯ ವ್ಯತಿರೇಕಗಳೆಂಬ ಎರಡು ಸಾಧನಗಳನ್ನು ಹೇಳಿದ್ದಾರೆ. ಒಂದು ಇದ್ದರೆ ಇನ್ನೊಂದು ಇರುವದು ಅನ್ವಯ. ಒಂದು ಇಲ್ಲದಿದ್ದರೆ ಇನ್ನೊಂದೂ ಇಲ್ಲದಿರುವದು ವ್ಯತಿರೇಕ. ಪ್ರೋಟೀನನ್ನು ಕೊಟ್ಟರೆ ನರವು ಬೆಳೆಯುವದೆಂಬುದು ರಿಯೊದಲ್ಲಿ ಕಂಡ ಅನ್ವಯವಾಯಿತು. ಆ ಪ್ರೋಟೀನನ್ನು ನಿಷ್ಫಲಗೊಳಿಸುವ ಪ್ರತಿದ್ರವ್ಯವನ್ನು ಆಗತಾನೆ ಹುಟ್ಟಿದ ಇಲಿಗಳಿಗೆ ಚುಚ್ಚಿದಾಗ, ಅವುಗಳ ಅನುವೇದಕ ನರಗ್ರಂಥಿಗಳು ಹೆಚ್ಚುಕಡಿಮೆ ಅಳಿದೇಹೋದವು. ೧೯೬೦ರಲ್ಲಿ ಪ್ರಕಟವಾದ ಇದು ವ್ಯತಿರೇಕ. ಎರಡೂ ಕೂಡಿದ ಮೇಲೆ ಸಂಶಯಕ್ಕೆ ಎಡೆಯುಳಿಯಲಿಲ್ಲ.

ಆದರೆ ಇಲ್ಲಿಯೇ ಒಂದು ವಿಪರ್ಯಾಸವುಂಟು. ಹುಡುಕಾಟವು ಮೊದಲಾದದ್ದು ಚಾಲಕ ನರಕೋಶಗಳಿಂದ; ದೊರೆತ ದ್ರವ್ಯವು ಪೋಷಿಸುವದಾದರೋ ಸ್ಪರ್ಶ, ನೋವು ಮೊದಲಾದವುಗಳನ್ನು ತಿಳಿಸುವ ನರಗಳನ್ನೂ ಅನುವೇದಕ ನರಗಳನ್ನೂ. ಕೈಕಾಲುಗಳನ್ನು ಆಡಿಸುವ ಕೋಶಕ್ಕೆ ಅದು ಆಹಾರವಲ್ಲ. ಆದದ್ದರಿಂದ ನರವರ್ಧಕವೆಂಬ ಹೆಸರನ್ನು ಕೇಳಿದೊಡನೆ ಎಲ್ಲ ನರರೋಗಗಳಿಗೂ ಅದೇ ಮದ್ದೆಂದು ನಂಬುವದು ತಪ್ಪು. ಚಾಲಕ ಕೋಶದ ಆಹಾರವನ್ನು ಬೇರೆಯಾಗಿಯೇ ಹುಡುಕಬೇಕಾಯಿತು. ಜರ್ಮನಿಯಲ್ಲಿ ಬಾರ್ಡ್, ಥೋನೆನ್ ಮೊದಲಾದವರು ೧೯೮೨ರಲ್ಲಿ ಹಂದಿಯ ಮಿದುಳಿನಿಂದ ಇಂತಹ ಇನ್ನೊಂದು ಪ್ರೋಟೀನನ್ನು ಬೇರ್ಪಡಿಸಿದರು. ಅದರ ಸಂಕ್ಷಿಪ್ತ ನಾಮವು ಬಿಡಿಎನ್‌ಎಫ್. ಸಿಎನ್‌ಟಿಎಫ್ ಎಂಬ ಮತ್ತೊಂದನ್ನು ಎಳೆಯ ಇಲಿಯ ಕತ್ತರಿಸಿದ ಮುಖನರಕ್ಕೆ ಲೇಪಿಸಿದಾಗ, ಸಾಯಬೇಕಾಗಿದ್ದ ಚಾಲಕ ಕೋಶಗಳು ಉಳಿದವೆಂದು ಸೆಂಡ್ಟ್‌ನರ್ ಮೊದಲಾದವರು ೧೯೯೦ರಲ್ಲಿ ತೋರಿಸಿದರು. ೧೯೯೨ರ ಸುಮಾರಿಗೆ ಬಿಡಿಎನ್‌ಎಫ್ ಸಹ ಚಾಲಕ ಕೋಶಗಳನ್ನು ಹೀಗೆಯೇ ಉಳಿಸುವದೆಂದು ಗೊತ್ತಾಯಿತು. ಎಣ್ಣೆಯು ಸಿಕ್ಕಿತು, ಇನ್ನು ದೀಪಕ್ಕೆ ಎರೆಯುವದೊಂದೇ ಉಳಿದಿದೆ ಎಂದು ಎಲ್ಲರೂ ಹಿಗ್ಗಿದರು.

ಎರೆಯುವದೇ ಕಷ್ಟವೆಂಬುದನ್ನು ತಿಳಿಯುವದಕ್ಕೆ ವಿಜಯಪುರ ಜಿಲ್ಲೆಯ ವಾಚಕರಿಗೆ ದೂರದ ದೃಷ್ಟಾಂತವು ಬೇಡ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿಗೆ ೧೯೬೪ರಲ್ಲಿ ಅಡಿಗಲ್ಲು ಬಿದ್ದಿತು. ಜಲಾಶಯವು ತುಂಬಿದ ಮಾತ್ರಕ್ಕೆ ಮುಳವಾಡದ ಎತ್ತರದ ಹೊಲಗಳು ತೊಯ್ಯಲಿಲ್ಲ. ಹಿನ್ನೀರನ್ನು ಯಂತ್ರಗಳಿಂದ ಮೇಲಕ್ಕೆತ್ತಿ ಕಾಲುವೆಗೆ ಬಿಡುವ ಮುಳವಾಡ ಏತ ನೀರಾವರಿಯು ಅದಕ್ಕೆ ಬೇಕಾಯಿತು. ಶರೀರದಲ್ಲಿಯೂ ಇಂತಹದೇ ಒಂದು ಏತವಿದೆ. ಪಾದವನ್ನು ಆಡಿಸುವ ಕೋಶವು ಸೊಂಟದ ಮಟ್ಟದ ಬೆನ್ನುಹುರಿಯಲ್ಲಿರುವದು. ಅದರ ತಂತುವು ಸುಮಾರು ಒಂದು ಮೀಟರು ಉದ್ದವಾಗಿ ಪಾದದವರೆಗೆ ಇಳಿದಿರುವದು. ಅಂಗದಲ್ಲಿ ದೊರೆತ ಆಹಾರವು ಆ ತಂತುವಿನ ಒಳಗಿನಿಂದಲೇ ಮೇಲಕ್ಕೇರಿ ಕೋಶವನ್ನು ಮುಟ್ಟಬೇಕು. ನರವರ್ಧಕ ಪ್ರೋಟೀನು ಹೀಗೆ ಹಿಮ್ಮುಖವಾಗಿ ಸಾಗುವದನ್ನು ಹೆಂಡ್ರಿ, ಥೋನೆನ್ ಮೊದಲಾದವರು ೧೯೭೪ರಲ್ಲಿ ತೋರಿಸಿಕೊಟ್ಟರು. ಹೊರಗಿನಿಂದ ಮದ್ದಾಗಿ ಕೊಟ್ಟ ಪ್ರೋಟೀನಾದರೋ ರಕ್ತದಲ್ಲಿ ಬೇಗನೆ ಕರಗಿಹೋಗುವದು. ರಕ್ತಕ್ಕೂ ಮಿದುಳಿಗೂ ನಡುವೆ ಪ್ರಕೃತಿಯು ಕಟ್ಟಿದ ತಡೆಗೋಡೆಯನ್ನು ಅದು ದಾಟಲಾರದು.

ಆದರೂ ಪ್ರಯತ್ನವು ನಡೆಯಿತು. ಸಿಎನ್‌ಟಿಎಫನ್ನು ಚರ್ಮದಡಿಯಲ್ಲಿ ಚುಚ್ಚಿ ೭೩೦ ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶವು ೧೯೯೬ರಲ್ಲಿ ಪ್ರಕಟವಾಯಿತು. ರೋಗವು ತಡೆಯಲಿಲ್ಲ, ಅದಕ್ಕೆ ಬದಲು ಕೆಮ್ಮು ಬಂದಿತು, ಹಸಿವು ಕುಂದಿತು, ಮೈಭಾರವು ಇಳಿಯಿತು. ಮೊದಲೇ ಕೃಶರಾದವರಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ಬಿಡಿಎನ್‌ಎಫನ್ನು ೧೧೩೫ ರೋಗಿಗಳಲ್ಲಿ ಪರೀಕ್ಷಿಸಿದ ಫಲವನ್ನು ೧೯೯೯ರಲ್ಲಿ ಪ್ರಕಟಿಸಿದರು; ಅದರಿಂದಲೂ ಒಟ್ಟಿನಲ್ಲಿ ಆಯುಷ್ಯವು ಹೆಚ್ಚಲಿಲ್ಲ. ಚರ್ಮದಡಿಯಲ್ಲಿ ಕೊಟ್ಟದ್ದು ಒಳಗೆ ಮುಟ್ಟಿರಲಿಕ್ಕಿಲ್ಲವೆಂದು ಬೆನ್ನುಹುರಿಯ ಸುತ್ತಣ ದ್ರವಕ್ಕೇ ನೇರವಾಗಿ ಸೇರಿಸಿ ನೋಡಿದರು, ಅದೂ ಕೈಗೂಡಲಿಲ್ಲ. ಐಜಿಎಫ್-೧ ಎಂಬ ಮೂರನೆಯ ದ್ರವ್ಯದ ಕಥೆಯು ಇನ್ನೂ ಪಾಠ ಕಲಿಸತಕ್ಕದ್ದು. ಉತ್ತರ ಅಮೇರಿಕೆಯಲ್ಲಿ ೨೬೬ ರೋಗಿಗಳ ಪರೀಕ್ಷೆಯು ೧೯೯೭ರಲ್ಲಿ ಗುಣವುಂಟೆಂದಿತು. ಯುರೋಪಿನಲ್ಲಿ ೧೮೩ ರೋಗಿಗಳ ಪರೀಕ್ಷೆಯು ೧೯೯೮ರಲ್ಲಿ ಇಲ್ಲವೆಂದಿತು. ವಾದವನ್ನು ಮುಗಿಸಲು ೩೩೦ ರೋಗಿಗಳಲ್ಲಿ ಎರಡು ವರ್ಷ ನಡೆದ ಮೂರನೆಯ ಪರೀಕ್ಷೆಯು ೨೦೦೮ರಲ್ಲಿ ಗುಣವಿಲ್ಲವೆಂದೇ ತೀರ್ಪಿತ್ತಿತು. ಮೊದಲನೆಯದನ್ನೇ ನಂಬಿ ನಿಂತಿದ್ದರೆ ಎಷ್ಟು ಮನೆಗಳು ಸಾಲ ಮಾಡಿ ಆ ಮದ್ದನ್ನು ಕೊಳ್ಳುತ್ತಿದ್ದವೋ!

ಎಣ್ಣೆಯನ್ನು ಬತ್ತಿಯ ಬುಡಕ್ಕೇ ಎರೆದರೂ ದೀಪವು ನಿಲ್ಲದಿದ್ದರೆ, ಗಾಳಿ ಬೀಸುತ್ತಿದೆಯೋ ಎಂದು ನೋಡಬೇಕಷ್ಟೆ. ಆ ಗಾಳಿಯನ್ನು ಹುಡುಕಿದವರಲ್ಲಿ ಕನ್ನಡ ನಾಡಿನ ರಾಜಧಾನಿಯಲ್ಲಿ ಕೆಲಸ ಮಾಡಿದವರಿಗೂ ಒಂದು ಸ್ಥಾನವುಂಟು.

ಮುಳವಾಡದಿಂದ ಸುಮಾರು ಐದುನೂರು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಕಾಲದಿಂದಲೂ ಒಂದು ಮಾನಸಿಕ ರೋಗಗಳ ಆಸ್ಪತ್ರೆಯಿತ್ತು. ಅದರ ಜೊತೆಯಲ್ಲಿ ೧೯೫೪ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಸ್ಥಾಪಿತವಾಯಿತು. ಇವೆರಡೂ ಕೂಡಿ ೧೯೭೪ರ ಡಿಸೆಂಬರದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದವು. ಜನರು ಇದನ್ನು ನಿಮ್ಹಾನ್ಸ್ ಎಂದು ಬಲ್ಲರು. ಇದರ ಮೊದಲ ನಿರ್ದೇಶಕರು ಶಸ್ತ್ರವೈದ್ಯರಾದ ಡಾ. ಮಾರ್ತಾಂಡ ವರ್ಮರು. ಹುಚ್ಚಾಸ್ಪತ್ರೆಯೆಂದು ಜನರು ಮುಖ ತಿರುವುತ್ತಿದ್ದ ಸ್ಥಳವು ನರರೋಗಗಳ ವಿದ್ಯಾಪೀಠವಾಗಿ ಮಾರ್ಪಟ್ಟದ್ದು ಸಣ್ಣ ಸಂಗತಿಯಲ್ಲ.

ಇಲ್ಲಿಯ ವೈದ್ಯರು ಮಾಡಿದ ಮೊದಲನೆಯ ಉಪಕಾರವು ವಿವೇಚನೆಯದು. ಅರ್ಥಾತ್ ಹೋಲುವ ರೋಗಗಳನ್ನು ಬಿಡಿಸಿ ತೋರಿಸಿದ್ದು. ದಕ್ಷಿಣ ದೇಶದಲ್ಲಿ ಎಳೆಯ ಪ್ರಾಯದವರಿಗೆ ಬಂದು, ಕಿವಿಯನ್ನೂ ಕೆಡಿಸಿ, ಮಂದಗತಿಯಿಂದ ಸಾಗುವ ಚಾಲಕ ನರರೋಗವೊಂದನ್ನು ಮದ್ರಾಸಿನ ಮೀನಾಕ್ಷಿಸುಂದರಂ, ಜಗನ್ನಾಥನ್, ರಾಮಮೂರ್ತಿ ಇವರು ೧೯೭೦ರಲ್ಲಿ ವರ್ಣಿಸಿದ್ದರು. ನಿಮ್ಹಾನ್ಸಿನ ಡಾ. ಗೌರಿದೇವಿಯವರು ಆ ರೋಗವನ್ನು ಮತ್ತೂ ಶೋಧಿಸಿದರು. ಅದಲ್ಲದೆ, ತರುಣರಲ್ಲಿ ಒಂದೇ ಕೈ ಇಲ್ಲವೆ ಒಂದೇ ಕಾಲು ಒಣಗಿ, ಕೆಲವು ವರ್ಷ ಮುಂದುವರಿದು, ಬಳಿಕ ತಾನಾಗಿ ನಿಂತುಬಿಡುವ ವ್ಯಾಧಿಯನ್ನು ಅವರೂ ಅವರ ಸಹೋದ್ಯೋಗಿಗಳೂ ೧೯೮೪ರಲ್ಲಿ ೨೩ ರೋಗಿಗಳ ಆಧಾರದಿಂದ ಪ್ರಕಟಿಸಿದರು. ಏಕಾಂಗ ಸ್ನಾಯುಕ್ಷಯವೆಂದು ಇದನ್ನು ಕರೆಯಬಹುದು. ಕೈಯ ಇಂತಹ ರೋಗವನ್ನು ಜಪಾನಿನಲ್ಲಿ ಹಿರಾಯಾಮಾ ೧೯೫೯ರಲ್ಲಿಯೇ ಹೇಳಿದ್ದನು. ಕಾಲಿಗೂ ಹೀಗಾಗುವದೆಂಬುದನ್ನು ಬೆಂಗಳೂರಿನವರು ಸೇರಿಸಿದರು. ಕೈ ಒಣಗಿತೆಂದೊಡನೆ ಮರಣವೇ ಬಂದಿತೆಂದು ಎದೆಯೊಡೆದುಕೊಳ್ಳುವ ತಂದೆತಾಯಿಗಳಿಗೆ, ನಿಮ್ಮ ಮಗನ ರೋಗವು ಬೇರೆ, ಇದು ನಿಲ್ಲತಕ್ಕದ್ದು ಎಂದು ಹೇಳಬಲ್ಲ ವಿದ್ಯೆಯು ಔಷಧಕ್ಕಿಂತ ಕಡಿಮೆಯದಲ್ಲ.

ಎರಡನೆಯದು ಗಾಳಿಯ ಶೋಧ. ಮಿದುಳು ಮತ್ತು ಬೆನ್ನುಹುರಿ ಒಂದು ತಿಳಿಯಾದ ದ್ರವದಲ್ಲಿ ಮುಳುಗಿರುವವು. ನರಕ್ಷಯ ರೋಗಿಗಳ ಆ ದ್ರವದಲ್ಲಿಯೇ ವಿಷವೇನಾದರೂ ಇರಬಹುದೇ ಎಂಬ ಸಂಶಯವು ಹುಟ್ಟಿತು. ಬಟ್ಟಲಿನಲ್ಲಿ ಬೆಳೆಯಿಸಿದ ನರಕೋಶಗಳನ್ನು ಅದು ಕೊಲ್ಲುವದೆಂದು ಫ್ರಾನ್ಸಿನವರು ೧೯೯೩ರಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ ಡಾ. ಟಿ. ಆರ್. ರಾಜು, ಡಾ. ಗೌರಿದೇವಿ, ಡಾ. ಎ. ನಳಿನಿ ಮತ್ತು ಅವರ ಸಂಗಡಿಗರು ಜೀವಂತ ಪ್ರಾಣಿಯಲ್ಲಿಯೇ ಇದನ್ನು ಪರೀಕ್ಷಿಸಿದರು. ರೋಗಿಗಳಿಂದ ಪಡೆದ ಕೆಲವು ಹನಿ ದ್ರವವನ್ನು ಆಗತಾನೆ ಹುಟ್ಟಿದ ಇಲಿಮರಿಗಳ ಬೆನ್ನುಹುರಿಯ ಸುತ್ತ ಸೇರಿಸಿದರು. ಬೇರೆ ನರರೋಗವುಳ್ಳವರ ದ್ರವವನ್ನು ಮತ್ತೆ ಕೆಲವು ಮರಿಗಳಿಗೆ ಕೊಟ್ಟು ತಾಳೆ ನೋಡಿದರು. ಅನ್ವಯದ ಜೊತೆಗೆ ವ್ಯತಿರೇಕವೂ ಬೇಕಲ್ಲವೆ? ನರಕ್ಷಯ ರೋಗಿಗಳ ದ್ರವವನ್ನು ಪಡೆದ ಮರಿಗಳ ಬೆನ್ನುಹುರಿಯಲ್ಲಿ, ನರತಂತುವಿಗೆ ಆಧಾರವಾದ ಎಳೆಗಳಲ್ಲಿ ರೋಗಿಗಳಲ್ಲಿ ಕಾಣುವಂತಹದೇ ವಿಕಾರವು ೧೯೯೫ರಲ್ಲಿ ಕಂಡುಬಂದಿತು. ನರಕೋಶಗಳಿಗೆ ಆಸರೆಯಾಗಿರುವ ನಕ್ಷತ್ರಾಕಾರದ ಕೋಶಗಳು ಕೆರಳುವದು ೧೯೯೮ರಲ್ಲಿ ಪ್ರಕಟವಾಯಿತು. ಕೋಶದೊಳಗೆ ಪ್ರೋಟೀನುಗಳನ್ನು ಸಿದ್ಧಗೊಳಿಸಿ ಕಳಿಸುವ ಗಾಲ್ಗಿ ಎಂಬ ಅಂಗವು ಚೂರುಚೂರಾಗುವದನ್ನು ೨೦೦೭ರಲ್ಲಿ ತೋರಿಸಿದರು.

ಇಲ್ಲಿಗೆ ಗಾಳಿಯುಂಟೆಂಬುದು ಕಂಡಿತು. ಎಣ್ಣೆಯ ಮಾತೇನು? ೨೦೧೧ರಲ್ಲಿ ಇದೇ ಸಂಸ್ಥೆಯವರು ಪ್ರಕಟಿಸಿದ ಶೋಧವು ಎರಡು ಪ್ರಶ್ನೆಗಳನ್ನೂ ಒಂದು ಗಂಟಿಗೆ ಕಟ್ಟಿತು. ರೋಗಿಗಳ ದ್ರವವನ್ನು ಪಡೆದ ಇಲಿಮರಿಗಳ ಬೆನ್ನುಹುರಿಯಲ್ಲಿ ನರಪೋಷಕ ದ್ರವ್ಯಗಳ ಉತ್ಪತ್ತಿಯೇ ತಗ್ಗಿಹೋಗಿತ್ತು. ಬೀಸುವ ಗಾಳಿಯು ಕುಡಿಯನ್ನು ಬಡಿಯುವದಲ್ಲದೆ ಹಣತೆಯ ಎಣ್ಣೆಯನ್ನೂ ಬತ್ತಿಸುತ್ತಿತ್ತೆಂದ ಹಾಗಾಯಿತು. ಹಾಗಾದರೆ ಎಣ್ಣೆಯೋ ಗಾಳಿಯೋ ಎಂದು ಕೇಳುವದೇ ಅಪೂರ್ಣವಾದ ಪ್ರಶ್ನೆ. ಹೊರಗಿನಿಂದ ಒಂದೇ ದ್ರವ್ಯವನ್ನು ಎರೆದವರಿಗೆ ಸೋಲಾದದ್ದೇಕೆಂಬುದಕ್ಕೆ ಇದೂ ಒಂದು ಸಮಾಧಾನವಾಗಬಹುದು.

ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗವು ವಿಇಜಿಎಫ್ ಎಂಬ ಪ್ರೋಟೀನಿಗೆ ಸಂಬಂಧಿಸಿದ್ದು. ಇದು ರಕ್ತನಾಳಗಳನ್ನು ಬೆಳೆಯಿಸುವ ದ್ರವ್ಯವೆಂದೇ ಹೆಸರಾಗಿದ್ದಿತು. ಬೆಲ್ಜಿಯಂ ದೇಶದ ಕಾರ್ಮೆಲೀಟನ ಶಿಷ್ಯರು, ಪ್ರಾಣವಾಯುವಿನ ಕೊರತೆಯಾದಾಗ ಈ ಪ್ರೋಟೀನನ್ನು ಹೆಚ್ಚಿಸುವ ವಂಶವಾಹಿಯ ಭಾಗವನ್ನು ಇಲಿಗಳಲ್ಲಿ ತೆಗೆದುಹಾಕಿದ್ದರು. ಆ ಇಲಿಗಳಿಗೆ ಪ್ರಾಯ ಬಂದಂತೆ ಚಾಲಕ ನರಕ್ಷಯವೇ ಬಂದಿತೆಂದು ೨೦೦೧ರಲ್ಲಿ ಪ್ರಕಟಿಸಿದರು. ಬೆಂಗಳೂರಿನವರು ಚಾಲಕ ನರಕೋಶಗಳನ್ನು ಹೋಲುವ ಕೋಶಗಳನ್ನು ಬಟ್ಟಲಿನಲ್ಲಿ ಬೆಳೆಯಿಸಿ, ರೋಗಿಗಳ ದ್ರವದಿಂದ ಅವು ಕೆಡುತ್ತಿರುವಾಗ ವಿಇಜಿಎಫನ್ನು ಕೂಡಿಸಿದರು. ಕೋಶಗಳ ಹಾನಿಯು ಕಡಿಮೆಯಾಯಿತು.

ಬಟ್ಟಲಿನ ಕೋಶವು ಉಳಿದದ್ದು ರೋಗಿಯು ಉಳಿದಂತಲ್ಲ. ಸಿಎನ್‌ಟಿಎಫ್ ಸಹ ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತಿತೆಂಬುದನ್ನು ಮರೆಯಲಾಗದು. ರೋಗಿಗಳ ದ್ರವದಲ್ಲಿರುವ ಕೇಡಿನ ಸ್ವರೂಪವು ಪೂರ್ಣವಾಗಿ ನಿರ್ಣಯವಾಗಿಲ್ಲ. ಅದು ರೋಗದ ಮೂಲವೋ, ರೋಗವು ಹುಟ್ಟಿದ ಮೇಲೆ ಹರಡುವ ದಾರಿಯೋ ಎಂಬ ಚರ್ಚೆಯೂ ತೀರಿಲ್ಲ. ನರಪೋಷಕ ಪ್ರೋಟೀನುಗಳಲ್ಲಿ ಒಂದೂ ಈ ರೋಗಕ್ಕೆ ಸಿದ್ಧೌಷಧವಾಗಿ ಇದುವರೆಗೆ ಬಂದಿಲ್ಲ. ಬಂದ ಔಷಧಗಳು ಬೇರೆ ದಾರಿಯವು. ೧೯೯೪ರಲ್ಲಿ ಗುಣವು ಕಂಡು ೧೯೯೫ರಲ್ಲಿ ಅಮೇರಿಕೆಯ ಸಮ್ಮತಿಯನ್ನು ಪಡೆದ ರಿಲುಝೋಲ್ ಎಂಬುದು, ಮೊದಲ ಪರೀಕ್ಷೆಗಳ ಪ್ರಕಾರ, ಆಯುಷ್ಯವನ್ನು ಕೆಲವು ತಿಂಗಳು ಮಾತ್ರ ಮುಂದೂಡುವದು. ೧೯೯೩ರಲ್ಲಿ ಗೊತ್ತಾದ ಎಸ್‌ಒಡಿ-೧ ಎಂಬ ವಂಶವಾಹಿಯ ದೋಷದಿಂದ ರೋಗ ಬಂದವರಿಗಾಗಿ ಟೋಫರ್ಸೆನ್ ಎಂಬ ಮದ್ದು ೨೦೨೩ರಲ್ಲಿ ಅಮೇರಿಕೆಯಲ್ಲಿ ಸಮ್ಮತವಾಯಿತು. ಆದರೆ ಅಂತಹ ರೋಗಿಗಳು ನೂರರಲ್ಲಿ ಇಬ್ಬರ ಸುಮಾರಿಗೆ ಮಾತ್ರ.

ಈ ಇತಿಹಾಸದಿಂದ ಗೃಹಸ್ಥರು ತಿಳಿಯತಕ್ಕದ್ದು ಮೂರು ಮಾತು. ಕೈಕಾಲು ಒಣಗಿದ್ದೆಲ್ಲವೂ ಈ ರೋಗವಲ್ಲ. ಕೊರಳಿನ ಎಲುಬು ಬೆನ್ನುಹುರಿಯನ್ನು ಒತ್ತಿದರೂ, ಇನ್ನು ಕೆಲವು ನರರೋಗಗಳಲ್ಲಿಯೂ ಕೈಕಾಲುಗಳು ಹೀಗೆ ಸೋಲುವದುಂಟು. ಅವುಗಳಲ್ಲಿ ಚಿಕಿತ್ಸೆಗೆ ಬಗ್ಗುವವೂ ಇವೆ. ಆದದ್ದರಿಂದ ಎಣ್ಣೆ ತಿಕ್ಕುತ್ತ ತಿಂಗಳುಗಳನ್ನು ಕಳೆಯದೆ ನರವೈದ್ಯರಿಗೆ ತೋರಿಸುವದು ಮೊದಲನೆಯ ಕರ್ತವ್ಯ. ಎರಡನೆಯದು, ನರಗಳನ್ನು ಬೆಳೆಯಿಸುತ್ತೇವೆಂದು ಹೊಲ ಮಾರಿಸುವವರ ಮಾತಿಗೆ ಮರುಳಾಗಬಾರದು. ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಿ, ಇಲ್ಲವೆಂದು ತಿಳಿದಾಗ ಇಲ್ಲವೆಂದೇ ಪ್ರಕಟಿಸಿದ ಶಾಸ್ತ್ರಜ್ಞರಿಗೆ ಸಾಧ್ಯವಾಗದ್ದು ಗುಟ್ಟಿನ ಪುಡಿಯಿಂದ ಸಾಧ್ಯವಾಗದು. ಮೂರನೆಯದು, ಗುಣವಾಗುವದಿಲ್ಲವೆಂದರೆ ಮಾಡತಕ್ಕದ್ದೇನೂ ಇಲ್ಲವೆಂದು ಅರ್ಥವಲ್ಲ. ನುಂಗಲು ಬಾರದವರಿಗೆ ನಳಿಗೆಯಿಂದ ಆಹಾರವನ್ನು ಕೊಡುವದು, ರಾತ್ರಿಯ ಉಸಿರಿಗೆ ಯಂತ್ರದ ನೆರವು, ಮಾತು ಹೋದವರಿಗೆ ಅಕ್ಷರಗಳ ಹಲಗೆ, ಇವುಗಳಿಂದ ಬಾಳು ನೀಳವಾಗುವದೂ ಉಂಟು, ಸಹ್ಯವಾಗುವದಂತೂ ನಿಶ್ಚಯ.

ಬೆಂಗಳೂರಿನ ಆ ಪ್ರಯೋಗಗಳಿಗೆ ಬೇಕಾದ ದ್ರವವು ಬಂದದ್ದು ರೋಗಿಗಳ ಬೆನ್ನಿನಿಂದ. ಶೋಧವು ಫ‌ಲಿಸುವ ಹೊತ್ತಿಗೆ ತಾವಿರುವ ಸಂಭವವು ಅವರಿಗೆ ಕಡಿಮೆಯಾಗಿತ್ತು. ಆದರೂ ಅವರಿಂದ ಬಂದ ಆ ಕೆಲವು ಹನಿಗಳ ಮೇಲೆಯೇ ಇಷ್ಟು ತಿಳಿವಳಿಕೆಯು ನಿಂತಿದೆ. ಮುಂದೆ ಎಂದಾದರೊಂದು ದಿನ ಮುಳವಾಡದ ಮನೆಯೊಂದರಲ್ಲಿ ರೊಟ್ಟಿ ಬಡಿಯುವ ಕೈ ಸೋಲದೆ ಉಳಿದರೆ, ಅದರ ಪುಣ್ಯದಲ್ಲಿ ಹೆಸರಿಲ್ಲದ ಆ ರೋಗಿಗಳ ಪಾಲೂ ಇರುವದು.